ಇಲ್ಯಿಮಾನಿ ಪರ್ವತ: ಪದೇ ಪದೇ ಕೇಳುವ ಪ್ರಶ್ನೆಗಳು

ಬೊಲಿವಿಯಾದ ಇಲ್ಯಿಮಾನಿಯ ಮಾತು ಬಂದಾಗಲೆಲ್ಲ ಒಂದಷ್ಟು ಪ್ರಶ್ನೆಗಳು ತಪ್ಪದೆ ಬರುತ್ತವೆ. ಚಾರಣದ ಗೆಳೆಯರು ಕೇಳಿದ್ದು, ಭೂಗೋಳ ಕಲಿಸುವ ಮೇಷ್ಟ್ರುಗಳು ಪತ್ರದಲ್ಲಿ ಬರೆದದ್ದು, ದಕ್ಷಿಣ ಅಮೆರಿಕಕ್ಕೆ ಹೊರಟವರು ಗಡಿಬಿಡಿಯಲ್ಲಿ ವಿಚಾರಿಸಿದ್ದು, ಎಲ್ಲವನ್ನೂ ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳನ್ನು ಆದಷ್ಟೂ ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಪರಿಚಯದ ಪ್ರಶ್ನೆಗಳು ಮೊದಲು, ಹಿಮ ಮತ್ತು ನೀರಿನ ವಿಚಾರ ಕೊನೆಗೆ.

## ಮೊದಲ ಪರಿಚಯ

ಇದು ಇರುವುದೆಲ್ಲಿ? ಎಷ್ಟು ಎತ್ತರ?

ಬೊಲಿವಿಯಾದ ಆಡಳಿತ ನಡೆಯುವ ಲಾ ಪಾಸ್ ನಗರದಿಂದ ಆಗ್ನೇಯಕ್ಕೆ, ಆಂಡಿಸ್‌ನ ಕೊರ್ಡಿಯೆರಾ ರಿಯಾಲ್ ಸಾಲಿನ ದಕ್ಷಿಣದ ತುದಿಯಲ್ಲಿದೆ. ಎತ್ತರ 6,438 ಮೀಟರ್. ಬೊಲಿವಿಯಾದಲ್ಲಿ ಇದಕ್ಕಿಂತ ಎತ್ತರದ್ದು ಸಜಾಮಾ ಒಂದೇ (6,542 ಮೀಟರ್). ಇಲ್ಯಿಮಾನಿಗೆ ಹಲವು ಶಿಖರಗಳಿವೆ. ಅವುಗಳಲ್ಲಿ ದಕ್ಷಿಣದ್ದೇ ಎತ್ತರ.

ಹೆಸರನ್ನು ಹೇಗೆ ಉಚ್ಚರಿಸಬೇಕು? ಅರ್ಥ ಏನು?

'ಲ್ಯಿ' ಎಂದು ನಾಲಗೆ ಒತ್ತಿ ಹೇಳಿದರೆ ಅಲ್ಲಿಯವರ ಉಚ್ಚಾರಣೆಗೆ ಹತ್ತಿರವಾಗುತ್ತದೆ. ಸ್ಪ್ಯಾನಿಷರು ಬರುವುದಕ್ಕೆ ಮುಂಚಿನಿಂದಲೂ ಇರುವ ಹೆಸರು ಇದು. ಆ ಸೀಮೆಯ ಮೂಲನಿವಾಸಿಗಳಾದ ಅಯ್ಮಾರಾ ಜನ ಇದಕ್ಕೆ ಒಂದಕ್ಕಿಂತ ಹೆಚ್ಚು ಅರ್ಥ ಕೊಡುತ್ತಾರೆ, ಪರ್ವತವನ್ನು ನೀರಿನ ಜೊತೆ ಸೇರಿಸಿ ಹೇಳುವ ಅರ್ಥವೂ ಅವುಗಳಲ್ಲಿ ಒಂದು. ಆ ಸೀಮೆಯಲ್ಲಿ ಅಯ್ಮಾರಾ ಮತ್ತು ಕೆಚುವಾ ಭಾಷೆಗಳು ಶತಮಾನಗಳಿಂದ ಒಟ್ಟಿಗೆ ಬಾಳಿವೆ. ಹಾಗಾಗಿ ಸುತ್ತಲಿನ ಬೆಟ್ಟಗಳ ಹೆಸರುಗಳಲ್ಲಿ ಎರಡಕ್ಕೂ ಸೇರಿದ ಪದಗಳು ಸಿಗುತ್ತವೆ. ಅದೇ ಸಾಲಿನ ವೈನಾ ಪೊಟೊಸಿ ಬೆಟ್ಟದ 'ವೈನಾ' ಎಂದರೆ ಎರಡು ಭಾಷೆಯಲ್ಲೂ ಯುವಕ.

ಇದು ಜ್ವಾಲಾಮುಖಿಯೇ?

ಅಲ್ಲ. ಜ್ವಾಲಾಮುಖಿ ಸಜಾಮಾ. ಇಲ್ಯಿಮಾನಿಯ ಒಡಲು ಗ್ರ್ಯಾನೊಡಯೊರೈಟ್ ಎಂಬ, ಗ್ರಾನೈಟ್‌ಗೆ ಹತ್ತಿರದ ಕಲ್ಲು. ಕೋಟ್ಯಂತರ ವರ್ಷಗಳ ಹಿಂದೆ ನೆಲದಾಳದಲ್ಲಿ ಶಿಲಾರಸ ಹೊರಗೆ ಉಕ್ಕದೆ ಅಲ್ಲೇ ತಣಿದು ಗಟ್ಟಿಯಾಯಿತು. ಆಮೇಲೆ ಆಂಡಿಸ್ ಮೇಲೇಳುತ್ತಾ ಅದನ್ನೂ ಎತ್ತಿತು. ಮೇಲಿದ್ದ ಪದರಗಳನ್ನು ಮಳೆ, ಗಾಳಿ, ಹಿಮ ಸವೆಸಿದವು.

ದೇಶದಲ್ಲೇ ಎತ್ತರದ್ದು ಸಜಾಮಾ ಆಗಿರುವಾಗ ಜನ ಇಲ್ಯಿಮಾನಿಯನ್ನೇ ಯಾಕೆ ಇಷ್ಟು ಹಚ್ಚಿಕೊಂಡಿದ್ದಾರೆ?

ಸಜಾಮಾ ಇರುವುದು ದೂರದ ಚಿಲಿ ಗಡಿಯಲ್ಲಿ, ಬಯಲಿನ ನಡುವೆ. ಇಲ್ಯಿಮಾನಿ ಲಾ ಪಾಸ್‌ನ ಕಣ್ಣೆದುರಿಗೇ ಇದೆ. ಸುಮಾರು 3,600 ಮೀಟರ್ ಎತ್ತರದ ಕಣಿವೆಯ ಗೋಡೆಗಳ ಮೇಲೆ ಕೆಂಪು ಇಟ್ಟಿಗೆಯ ಮನೆಗಳು ಸಾಲುಸಾಲಾಗಿ ಹತ್ತಿಕೊಂಡ ಊರು ಅದು. ಕಣಿವೆ ತೆರೆದುಕೊಳ್ಳುವ ದಿಕ್ಕಿಗೇ ಈ ಬೆಟ್ಟ ನಿಂತಿದೆ. ಮೇಲಿನ ಎಲ್ ಆಲ್ಟೊ ನಗರ 4,150 ಮೀಟರ್ ಎತ್ತರದಲ್ಲಿದೆ, ನಮ್ಮ ಮುಳ್ಳಯ್ಯನಗಿರಿಯ ಎರಡು ಪಟ್ಟಿಗೂ ಹೆಚ್ಚು. ಅಲ್ಲಿಂದಲೂ ಇದು ಕಾಣುತ್ತದೆ. ಮಾರುಕಟ್ಟೆಗೆ ಹೋಗುವಾಗ, ಕೇಬಲ್ ಕಾರಿನಲ್ಲಿ ಕೆಲಸಕ್ಕೆ ಇಳಿಯುವಾಗ, ಬಟ್ಟೆ ಒಣಹಾಕಲು ತಾರಸಿಗೆ ಬಂದಾಗ ದಿನವೂ ನೋಡುವ ಬೆಟ್ಟ. ನಗರದ ಹಾಡು, ಚಿತ್ರ, ಅಂಗಡಿಯ ಬೋರ್ಡು ಎಲ್ಲದರಲ್ಲೂ ಅದೇ ಇರುವುದು ಸಹಜವಾಗಿಯೇ ಇದೆ.

## ನಂಬಿಕೆ, ಕಥೆ, ಊಟ

ಅಲ್ಲಿಯವರಿಗೆ ಇದು ದೇವರೇ? ಕೈಲಾಸದ ಹಾಗೆ ಹತ್ತಬಾರದು ಅಂತ ಇದೆಯೇ?

ಅಯ್ಮಾರಾ ಜನ ಇಲ್ಯಿಮಾನಿಯನ್ನು 'ಅಚಾಚಿಲಾ' ಎನ್ನುತ್ತಾರೆ. ಅಚಾಚಿಲಾ ಎಂದರೆ ಅಜ್ಜ, ಮೂಲ ಹಿರಿಯ. ಕೆಚುವಾ ಮಾತಾಡುವ ಕಡೆ ಇಂಥ ಪರ್ವತಗಳಿಗೆ 'ಅಪು' ಎಂಬ ಹೆಸರಿದೆ. ಈ ಹಿರಿಯ ಗುಡಿಯೊಳಗೆ ಕೂತವನಲ್ಲ, ಮೋಡ, ಮಳೆ, ಆಲಿಕಲ್ಲು, ಹಿಮ, ದನಕರುಗಳ ಮೇಲೆ ಕಣ್ಣಿಟ್ಟವನು. ತಪ್ಪು ನಡೆದರೆ ಮುನಿಯುತ್ತಾನೆ, ಮರ್ಯಾದೆ ಕೊಟ್ಟರೆ ಬೆಳೆ ಕಾಯುತ್ತಾನೆ. ಮನೆಯ ಹಿರಿಯರೊಂದಿಗೆ ಇರುವಂಥ ನಂಟು ಇದು, ಭಯವೂ ಇದೆ, ಸಲುಗೆಯೂ ಇದೆ.

ಕೈಲಾಸ ಇದಕ್ಕಿಂತ 200 ಮೀಟರ್ ಎತ್ತರ, ಅದರ ಶಿಖರವನ್ನು ಯಾರೂ ತುಳಿಯುವುದಿಲ್ಲ, ಸುತ್ತ ಪರಿಕ್ರಮೆ ಮಾತ್ರ. ಇಲ್ಯಿಮಾನಿಗೆ ಅಂಥ ನಿಷೇಧವಿಲ್ಲ. ಆದರೆ ಹತ್ತುವ ಮುಂಚೆ ಅಪ್ಪಣೆ ಕೇಳಬೇಕು ಎಂಬುದನ್ನು ಸ್ಥಳೀಯ ಮಾರ್ಗದರ್ಶಿಗಳು ಮನಸಾರೆ ನಂಬುತ್ತಾರೆ. ಕೋಕಾ ಎಲೆ ಇಟ್ಟು, ನೆಲಕ್ಕೆ ನಾಲ್ಕು ಹನಿ ಮದ್ಯ ಚೆಲ್ಲಿ, ಅಜ್ಜನ ಹೆಸರು ಹೇಳಿ ಹೊರಡುತ್ತಾರೆ. ಹೋದವರು ಆ ಹೊತ್ತಿನಲ್ಲಿ ಕ್ಯಾಮೆರಾ ಕೆಳಗಿಟ್ಟು ಜೊತೆಗೆ ನಿಲ್ಲಬೇಕು ಎಂದು ನನ್ನ ಕೋರಿಕೆ.

ಪಕ್ಕದ ಬೆಟ್ಟಕ್ಕೆ ತಲೆಯೇ ಇಲ್ಲ ಅಂತಾರಲ್ಲ, ಆ ಕಥೆ ಹೇಳಿ.

ಇಲ್ಯಿಮಾನಿಯ ಪಕ್ಕದ ಮುರುರಾತಾ ಬೆಟ್ಟದ ನೆತ್ತಿ ಚಪ್ಪಟೆ. ಸುತ್ತ ಎಲ್ಲ ಮೊನಚು ಶಿಖರಗಳಿರುವಾಗ ಇದೊಂದೇ ಹೀಗೇಕೆ ಎಂದರೆ ಉತ್ತರ ಈ ಕಥೆಯಲ್ಲಿದೆ. ಬಹಳ ಹಿಂದೆ ಮುರುರಾತಾ ಇಲ್ಯಿಮಾನಿಗಿಂತ ಎತ್ತರವಾಗಿತ್ತಂತೆ. ಸೊಕ್ಕು ತಲೆಗೇರಿ, ನನ್ನ ಮುಂದೆ ನೀನ್ಯಾವ ಲೆಕ್ಕ ಎಂದು ಹಂಗಿಸುತ್ತಿತ್ತು. ಸಿಟ್ಟಿನಲ್ಲಿ ಬೀಸಿದ ಕವಣೆಕಲ್ಲು ಅದರ ತಲೆಯನ್ನೇ ಹಾರಿಸಿತು. ಕವಣೆ ಬೀಸಿದ್ದು ಇಲ್ಯಿಮಾನಿಯೇ ಎಂದು ಕೆಲವರು ಹೇಳಿದರೆ, ಸೃಷ್ಟಿಕರ್ತ ವಿರಾಕೋಚಾ ಎಂದು ಇನ್ನು ಕೆಲವರು. ಹಾರಿದ ತಲೆ ಪಡುವಲ ಬಯಲನ್ನೆಲ್ಲ ದಾಟಿ ಬಿದ್ದು ಸಜಾಮಾ ಆಯಿತು.

ಕಥೆ ಕಟ್ಟಿದವರ ಕಣ್ಣು ಎಷ್ಟು ಚುರುಕು ಎನ್ನುವುದಕ್ಕೆ ನಕಾಶೆ ನೋಡಿ. ಸಜಾಮಾ ಆ ಬಯಲಿನಲ್ಲಿ ಸಾಲುಬೆಟ್ಟಗಳಿಂದ ಬೇರೆಯಾಗಿ, ಎಲ್ಲಿಂದಲೋ ಬಂದು ಬಿದ್ದಂತೆಯೇ ನಿಂತಿದೆ.

ಲಾಮಾ ಮರಿಗಳನ್ನು ಹೂಳುತ್ತಾರೆ ಎಂದು ಓದಿದೆ. ನಿಜವೇ?

ಲಾಮಾ ಎಂದರೆ ಅಲ್ಲಿಯವರು ಸಾಕುವ, ಒಂಟೆಯ ಬಳಗದ ಪ್ರಾಣಿ. ಹುಟ್ಟುವ ಮುಂಚೆಯೇ ಸತ್ತ ಲಾಮಾ ಭ್ರೂಣಗಳನ್ನು ಒಣಗಿಸಿ ಹರಕೆಯ ಸಾಮಾನಿನ ಜೊತೆ ಇಡುತ್ತಾರೆ, ಅದು ನಿಜ. ಲಾ ಪಾಸ್‌ನ 'ಮಾಟಗಾತಿಯರ ಮಾರುಕಟ್ಟೆ' ಎಂದು ಪ್ರವಾಸಿಗರು ಕರೆಯುವ ಬೀದಿಯಲ್ಲಿ ಅವು ತೂಗುಹಾಕಿರುತ್ತವೆ. ಹೊಸ ಮನೆಯ ಪಾಯದಲ್ಲಿ ಭೂಮಿತಾಯಿ ಪಾಚಾಮಾಮಾಳಿಗೆಂದು ಹೂಳುವುದೂ ಉಂಟು. ಆಗಸ್ಟ್ ತಿಂಗಳಲ್ಲಿ ಭೂಮಿ ಬಾಯಿ ತೆರೆದು ಹಸಿದಿರುತ್ತದೆ ಎಂಬ ನಂಬಿಕೆಯಿದೆ, ಅದಕ್ಕೇ ಹರಕೆಗಳು ಆಗ ಹೆಚ್ಚು. ಸಕ್ಕರೆಯ ಅಚ್ಚುಗಳು, ಬಣ್ಣದ ಉಣ್ಣೆ, ಕೋಕಾ ಎಲೆ, ಲಾಮಾ ಕೊಬ್ಬು ಎಲ್ಲವನ್ನೂ ಜೋಡಿಸಿ ಕೆಂಡದಲ್ಲಿ ಸುಡುತ್ತಾರೆ. 'ಮಾಟಗಾತಿ' ಎಂಬ ಹೆಸರು ನನಗೆ ಹಿಡಿಸುವುದಿಲ್ಲ. ಅಲ್ಲಿ ಕೂತು ಮಾರುವ ಹೆಂಗಸರು ಯಾವ ಹರಕೆಗೆ ಏನೇನು ಬೇಕು ಎಂದು ಬಲ್ಲವರು, ನಮ್ಮೂರಿನ ಗ್ರಂಥಿಗೆ ಅಂಗಡಿಯವರಿದ್ದ ಹಾಗೆ.

ಬೆಟ್ಟದ ಬುಡದಲ್ಲಿ ಯಾರಿದ್ದಾರೆ? ಏನು ಬೆಳೀತಾರೆ?

ಪಶ್ಚಿಮದ ಇಳಿಜಾರಿನಲ್ಲಿ ಪಿನಾಯಾ, ಖಾಪಿ ಮುಂತಾದ ಅಯ್ಮಾರಾ ಹಳ್ಳಿಗಳಿವೆ. ಹಿಮ ಕರಗಿದ ನೀರನ್ನು ಕಾಲುವೆಯಲ್ಲಿ ತಿರುಗಿಸಿಕೊಂಡು ಮೇಲಿನ ಹೊಲದಲ್ಲಿ ಆಲೂಗಡ್ಡೆ, ಇನ್ನೂ ಕೆಳಗೆ ಬೆಚ್ಚನೆಯ ಕಣಿವೆಯಲ್ಲಿ ಮೆಕ್ಕೆಜೋಳ, ತರಕಾರಿ, ಹಣ್ಣು ಬೆಳೆಯುತ್ತಾರೆ. ಲಾ ಪಾಸ್‌ನ ಸಂತೆಗೆ ಇಲ್ಲಿಂದಲೂ ಸೊಪ್ಪು ತರಕಾರಿ ಹೋಗುತ್ತದೆ.

ಆಲೂಗಡ್ಡೆಯ ಬಗ್ಗೆ ಒಂದು ಮಾತು ಸೇರಿಸಲೇಬೇಕು. ಕಾಡಿನ ಗೆಡ್ಡೆಯೊಂದನ್ನು ಬೆಳೆಯಾಗಿ ಪಳಗಿಸಿದ್ದು ಟಿಟಿಕಾಕಾ ಸರೋವರದ ಸುತ್ತಲಿನ ಇದೇ ಆಂಡಿಸ್ ಎತ್ತರದ ರೈತರು, ಸಾವಿರಾರು ವರ್ಷಗಳ ಹಿಂದೆ. ಹಾಸನದ ರೈತ ಮುಂಗಾರಿಗೆ ಬಿತ್ತುವ ಆಲೂಗಡ್ಡೆಯ ತವರು ಅದು. ಕೆಡದಂತೆ ಇಡಲು ಅವರು ಕಂಡುಕೊಂಡ ಉಪಾಯ 'ಚುನ್ಯೊ'. ಜೂನ್, ಜುಲೈ ತಿಂಗಳ ಕೊರೆಯುವ ರಾತ್ರಿಗಳಲ್ಲಿ ಗೆಡ್ಡೆಗಳನ್ನು ಹುಲ್ಲಿನ ಮೇಲೆ ಹರಡುತ್ತಾರೆ, ಅವು ಹೆಪ್ಪುಗಟ್ಟುತ್ತವೆ. ಹಗಲು ಮೆತ್ತಗಾದಾಗ ಬರಿಗಾಲಲ್ಲಿ ತುಳಿದು ನೀರು ತೆಗೆದು ಬಿಸಿಲಿಗೆ ಬಿಡುತ್ತಾರೆ. ಕೆಲವು ದಿನ ಹೀಗೆ ಮಾಡಿದರೆ ಕಪ್ಪಗೆ, ಹಗುರಾಗಿ, ವರ್ಷಗಟ್ಟಲೆ ಉಳಿಯುವ ಆಹಾರ ಸಿದ್ಧ.

## ಹತ್ತುವವರಿಗೆ, ನೋಡುವವರಿಗೆ

ಮೊದಲು ಹತ್ತಿದವರು ಯಾರು?

ದಾಖಲೆಯಲ್ಲಿರುವಂತೆ 1898ರಲ್ಲಿ ಬ್ರಿಟನ್ನಿನ ವಿಲಿಯಂ ಮಾರ್ಟಿನ್ ಕಾನ್ವೇ, ಜೊತೆಗೆ ಇಟಲಿಯ ಮಾರ್ಗದರ್ಶಿಗಳಾದ ಮಾಕಿನ್ಯಾಸ್ ಮತ್ತು ಪೆಲಿಸಿಯೆ. ಅದಕ್ಕೂ ಮುಂಚೆ 1877ರಲ್ಲಿ ಫ್ರಾನ್ಸಿನ ಶಾರ್ಲ್ ವೀನರ್ ತಂಡ ಆಗ್ನೇಯದ ಒಂದು ಉಪಶಿಖರ ಮುಟ್ಟಿ, ಅದಕ್ಕೆ ಪ್ಯಾರಿಸ್ಸಿನ ಹೆಸರಿಟ್ಟು ಬಂದಿತ್ತು.

ಆದರೆ ಕಾನ್ವೇ ತಂಡಕ್ಕೆ 6,000 ಮೀಟರಿಗೂ ಮೇಲೆ ಅಯ್ಮಾರಾ ಹಗ್ಗದ ತುಂಡೊಂದು ಸಿಕ್ಕಿತ್ತು. ಅಷ್ಟು ಎತ್ತರಕ್ಕೆ ಅದನ್ನು ಹೊತ್ತವರು ಇನ್ನೂ ಮೇಲೆ ಹೋಗಿರಲಾರರು ಎಂದು ಹೇಳಲು ಯಾರಿಗೂ ಆಧಾರವಿಲ್ಲ. ಹಾಗಾಗಿ 'ಮೊದಲು' ಎನ್ನುವಾಗಲೆಲ್ಲ 'ದಾಖಲಾದವರಲ್ಲಿ' ಎಂದು ಸೇರಿಸುವುದು ನ್ಯಾಯ.

ಲಂಗ ಉಟ್ಟು ಹಿಮಪರ್ವತ ಹತ್ತುವ ಹೆಂಗಸರ ಫೋಟೊ ನೋಡಿದೆ. ಯಾರವರು?

'ಚೊಲೀತಾಸ್ ಎಸ್ಕಲಾದೊರಾಸ್', ಅಂದರೆ ಬೆಟ್ಟ ಹತ್ತುವ ಚೊಲೀತಾಗಳು. ಸಾಂಪ್ರದಾಯಿಕ ಉಡುಪು ತೊಡುವ ಮೂಲನಿವಾಸಿ ಹೆಂಗಸರನ್ನು ಅಲ್ಲಿ ಚೊಲೀತಾ ಎನ್ನುತ್ತಾರೆ. ಎಲ್ಲರೂ ಅಯ್ಮಾರಾ ಹೆಂಗಸರು. ಹಲವರು ವರ್ಷಾನುಗಟ್ಟಲೆ ಬೇಸ್ ಕ್ಯಾಂಪುಗಳಲ್ಲಿ ಪರದೇಶದ ಆರೋಹಿಗಳಿಗೆ ಅಡುಗೆ ಮಾಡಿದವರು, ಸಾಮಾನು ಹೊತ್ತವರು. ಅವರ ಗಂಡಂದಿರು ಮಾರ್ಗದರ್ಶಿಗಳು. ಮೇಲೆ ಹೋಗಿ ಬಂದವರು ಸಂಭ್ರಮದಿಂದ ಹೇಳುವ ಶಿಖರ ಹೇಗಿರುತ್ತದೆ ಎಂದು ತಾವೇ ನೋಡಲು 2015ರಲ್ಲಿ ವೈನಾ ಪೊಟೊಸಿ ಹತ್ತಿದರು. ಆಮೇಲೆ ಇಲ್ಯಿಮಾನಿ ಸೇರಿದಂತೆ ಬೊಲಿವಿಯಾದ ಶಿಖರಗಳು, 2019ರ ಜನವರಿಯಲ್ಲಿ ಅರ್ಜೆಂಟೀನಾದ ಅಕೊಂಕಾಗ್ವಾ (6,961 ಮೀಟರ್).

ನೆರಿಗೆ ನೆರಿಗೆಯಾದ ಆ ಲಂಗದ ಹೆಸರು 'ಪೊಯೆರಾ'. ಹಿಂದೆ ಇದನ್ನು ಉಟ್ಟ ಹೆಂಗಸರನ್ನು ಕೆಲವು ಹೋಟೆಲುಗಳೊಳಗೆ ಬಿಡುತ್ತಿರಲಿಲ್ಲ, 'ಚೊಲಾ' ಎನ್ನುವುದು ಬೈಗುಳವಾಗಿತ್ತು. ಅದೇ ಲಂಗ, ಬೆನ್ನಿಗೆ ಅದೇ ಬಣ್ಣದ ಅಗುವಾಯೊ ವಸ್ತ್ರ, ಕಾಲಿಗೆ ಕ್ರ್ಯಾಂಪಾನ್ (ಬೂಟಿಗೆ ಕಟ್ಟುವ ಲೋಹದ ಮುಳ್ಳು), ಕೈಯಲ್ಲಿ ಐಸ್ ಆಕ್ಸ್ ಎಂಬ ಹಿಮಕೊಡಲಿ. ಇಲ್ಯಿಮಾನಿಯ ಬಗ್ಗೆ ಯಾರಾದರೂ ಒಂದೇ ಚಿತ್ರ ತೋರಿಸಿ ಎಂದರೆ ನಾನು ಇದನ್ನೇ ತೋರಿಸುತ್ತೇನೆ.

ಕುಮಾರ ಪರ್ವತ ಒಂದೇ ದಿನದಲ್ಲಿ ಹತ್ತಿ ಇಳಿದಿದ್ದೇನೆ. ಇದನ್ನು ಹತ್ತಬಹುದಾ?

ಕಾಲಿಗೆ ಕಸುವಿದೆ ಎಂದಾಯಿತು, ಸಂತೋಷ. ಆದರೆ ಅದೊಂದೇ ಸಾಲದು. ಎರಡು ವಿಷಯ ಬೇರೆಯೇ ಇವೆ.

ಮೊದಲನೆಯದು ಗಾಳಿ. ಶಿಖರದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಕರಾವಳಿಯ ಅರ್ಧಕ್ಕೂ ಕಡಿಮೆ. ಲಾ ಪಾಸ್‌ನಲ್ಲೇ ಅದು ಸರಿಸುಮಾರು ಮೂರನೇ ಎರಡು ಭಾಗ. ಬೆಂಗಳೂರಿನಿಂದ ಹೋದವರಿಗೆ ಹೋಟೆಲಿನ ಮೆಟ್ಟಿಲು ಹತ್ತುವಾಗಲೇ ಏದುಸಿರು ಬರುತ್ತದೆ. ದೇಹ ಒಗ್ಗಲು ದಿನಗಳು ಬೇಕು. ನಿಧಾನವಾಗಿ ಎತ್ತರ ಏರಿ, ನಡುವೆ ಸಣ್ಣ ಬೆಟ್ಟ, ಆಮೇಲೆ ವೈನಾ ಪೊಟೊಸಿ (6,088 ಮೀಟರ್), ಅದು ಸಲೀಸಾದರೆ ಮಾತ್ರ ಇಲ್ಯಿಮಾನಿ. ಅನುಭವಿ ಮಾರ್ಗದರ್ಶಿಗಳು ಹೇಳುವ ಕ್ರಮ ಇದೇ. ತಲೆನೋವು, ವಾಂತಿಯ ಜೊತೆ ನಡೆ ತೊಡರತೊಡಗಿದರೆ, ಕೂತಲ್ಲೇ ಉಸಿರು ಸಿಗದಿದ್ದರೆ, ಆ ಕ್ಷಣವೇ ಕೆಳಗಿಳಿಯಬೇಕು. ಬೆಳಗಾಗಲಿ ನೋಡೋಣ ಎಂದು ಕಾದವರು ಸತ್ತದ್ದುಂಟು.

ಎರಡನೆಯದು ಹಿಮ. ಲಾ ಪಾಸ್‌ನಿಂದ ಜೀಪಿನಲ್ಲಿ ಪಿನಾಯಾ, ಅಲ್ಲಿಂದ ನಡೆದು ಸುಮಾರು 4,400 ಮೀಟರಿನ ಪ್ಯುಯೆಂತೆ ರೊತೊ ಎಂಬ ಬೇಸ್ ಕ್ಯಾಂಪು. ಇಲ್ಲಿವರೆಗೆ ಹೇಸರಗತ್ತೆ ಸಾಮಾನು ಹೊರುತ್ತದೆ. ಮರುದಿನ ಬಂಡೆಗಳ ಏಣಿನಲ್ಲಿ ಏರಿ ಸುಮಾರು 5,450 ಮೀಟರಿನ 'ನೀದೊ ದೆ ಕೊಂಡೊರೆಸ್', ರಣಹದ್ದಿನ ಗೂಡು ಎಂಬ ಬೀಡು. ಅಲ್ಲಿಂದ ನಡುರಾತ್ರಿ ಕಳೆಯುತ್ತಲೇ ಹೊರಟು, ಹೆಡ್‌ಲ್ಯಾಂಪಿನ ಬೆಳಕಿನಲ್ಲಿ ಗಟ್ಟಿ ಹಿಮದ ಕಡಿದಾದ ಇಳಿಜಾರು, ಹಿಮಬಿರುಕುಗಳನ್ನು ದಾಟಿ ಬೆಳಗಿನ ಹೊತ್ತಿಗೆ ಶಿಖರ. ಜಾರಿದರೆ ತಡೆಯಲು ಹಗ್ಗ, ಕೊಡಲಿ, ಕ್ರ್ಯಾಂಪಾನ್ ಬಳಸುವ ಅಭ್ಯಾಸ ಮೈಗೂಡಿರಬೇಕು. ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆ ಅಥವಾ ಡಾರ್ಜಿಲಿಂಗಿನ ಹಿಮಾಲಯನ್ ಪರ್ವತಾರೋಹಣ ಸಂಸ್ಥೆಯಲ್ಲಿ ಬೇಸಿಕ್ ಕೋರ್ಸ್ ಮುಗಿಸಿ ಹೋಗಿ ಎಂದು ನಾನು ಎಲ್ಲರಿಗೂ ಹೇಳುವುದು ಅದಕ್ಕೇ.

ಕೋಕಾ ಚಹಾ ಕುಡಿದರೆ ತಲೆನೋವು ಹೋಗುತ್ತಾ? ಊರಿಗೆ ಒಂದು ಪೊಟ್ಟಣ ತರಬಹುದಾ?

ಬೊಲಿವಿಯಾದಲ್ಲಿ ಕೋಕಾ ಎಲೆ, ಅದರ ಚಹಾ ಕಾನೂನುಬದ್ಧ. ಹಸಿವು ದಣಿವು ಮರೆಸಲು ಅಲ್ಲಿನ ದುಡಿಯುವ ಜನ ತಲೆಮಾರುಗಳಿಂದ ಬಳಸುತ್ತಾರೆ. ಬಿಸಿ ಚಹಾ ಹಿತವಾಗಿರುತ್ತದೆ, ನಿಜ, ಆದರೆ ಗಂಭೀರ ಎತ್ತರದ ಕಾಯಿಲೆಗೆ ಅದು ಮದ್ದಲ್ಲ. ಭಾರತಕ್ಕೆ ತರಲೇಬೇಡಿ. ನಮ್ಮ 1985ರ ಮಾದಕವಸ್ತು ಕಾಯ್ದೆಯಲ್ಲಿ ಕೋಕಾ ಎಲೆಯೂ ಸೇರಿದೆ.

ಹತ್ತುವ ಆಸೆ ಇಲ್ಲ, ಬರೀ ಕಣ್ತುಂಬ ನೋಡಬೇಕು. ಯಾವಾಗ, ಎಲ್ಲಿಂದ?

ಮೇಯಿಂದ ಆಗಸ್ಟ್. ನಮ್ಮಲ್ಲಿ ಮುಂಗಾರು ಸುರಿಯುವ ತಿಂಗಳುಗಳೇ ಅಲ್ಲಿ ಒಣ ಚಳಿಗಾಲ, ಬಾನು ತಿಳಿಯಾಗಿರುತ್ತದೆ. ಡಿಸೆಂಬರಿನಿಂದ ಫೆಬ್ರವರಿವರೆಗೆ ಮಳೆಗಾಲ, ಬೆಟ್ಟ ದಿನಗಟ್ಟಲೆ ಮೋಡದಲ್ಲಿರುತ್ತದೆ. ನಗರದ ಕಿಯಿ ಕಿಯಿ ದಿಬ್ಬದ ಮೇಲೆ ಸಂಜೆ ಹೊತ್ತು ನಿಲ್ಲಿ. ಪಡುವಣ ಬಿಸಿಲು ನೇರ ಹಿಮದ ಮೇಲೆ ಬೀಳುತ್ತದೆ.

## ಹಿಮ, ನೀರು, ವಿಜ್ಞಾನ

ಲಾ ಪಾಸ್ ಕುಡಿಯುವುದು ಇಲ್ಯಿಮಾನಿಯ ನೀರನ್ನೇ?

ಬಹಳ ಜನ ಹಾಗೆ ಬರೆಯುತ್ತಾರೆ, ಆದರೆ ಸರಿಯಲ್ಲ. ನಗರದ ಕೊಳಾಯಿಗೆ ಬರುವ ನೀರು ಮುಖ್ಯವಾಗಿ ಅದೇ ಪರ್ವತಸಾಲಿನ ಬೇರೆ ಕಣಿವೆಗಳ ಜಲಾಶಯಗಳದ್ದು: ತೂನಿ, ಕೊಂದೊರಿರಿ, ಹಂಪಾತುರಿ, ಇಂಕಾಚಾಕಾ. ಆ ನೀರಿನಲ್ಲಿ ಹಿಮನದಿಗಳ ಪಾಲು ವರ್ಷದ ಸರಾಸರಿಯಲ್ಲಿ ಶೇ 15ರಷ್ಟು, ಒಣ ತಿಂಗಳುಗಳಲ್ಲಿ ಶೇ 27ರ ಹತ್ತಿರ ಎಂದು 2015ರಲ್ಲಿ ಪ್ರಕಟವಾದ ಲೆಕ್ಕಾಚಾರ ಹೇಳುತ್ತದೆ. ಉಳಿದದ್ದು ಮಳೆ. ಇಲ್ಯಿಮಾನಿಯ ಕರಗಿದ ನೀರನ್ನೇ ನೇರವಾಗಿ ನಂಬಿದವರು ಅದರ ಬುಡದ ಹಳ್ಳಿಯವರು. ಅವರಿಗೆ ಜಲಾಶಯವೆಂದರೆ ಆ ಹಿಮವೇ.

ಸಮಭಾಜಕದ ಹತ್ತಿರ ಹಿಮನದಿ ಹೇಗೆ ಉಳಿದಿದೆ? ಈಗ ಯಾಕೆ ಕರಗುತ್ತಿದೆ?

ಎತ್ತರವೇ ಕಾರಣ. ಜಗತ್ತಿನ ಉಷ್ಣವಲಯದ ಹಿಮನದಿಗಳು ಬಹುಪಾಲು ಎಲ್ಲವೂ ಆಂಡಿಸ್‌ನಲ್ಲೇ ಇವೆ. ಹಿಮಾಲಯದ ಗಂಗೋತ್ರಿಯಂಥ ಕಡೆ ಚಳಿಗಾಲದಲ್ಲಿ ಕರಗುವುದು ನಿಂತೇಹೋಗುತ್ತದೆ. ಇಲ್ಲಿ ಹಾಗಲ್ಲ. ಹಿಮನದಿಯ ಕೆಳಭಾಗ ವರ್ಷವಿಡೀ ಕರಗುತ್ತದೆ, ಅತಿ ಹೆಚ್ಚು ಕರಗುವುದೂ ಹೊಸ ಹಿಮ ಬೀಳುವುದೂ ಒಂದೇ ಮಳೆಗಾಲದಲ್ಲಿ. ಆಗ ಬಿಳಿ ಹಿಮ ಬಿದ್ದರೆ ಅದು ಬಿಸಿಲನ್ನು ವಾಪಸು ಕಳಿಸಿ ಕೆಳಗಿನ ಹಳೆಯ ಮಂಜುಗಡ್ಡೆಯನ್ನು ಕಾಯುತ್ತದೆ. ಹಿಮದ ಬದಲು ಮಳೆ ಬಿದ್ದರೆ, ಅಥವಾ ಏನೂ ಬೀಳದಿದ್ದರೆ, ಮಾಸಿದ ಮಂಜುಗಡ್ಡೆ ಬಿಸಿಲು ಹೀರಿ ಬೇಗ ಕರಗುತ್ತದೆ.

ಪೆಸಿಫಿಕ್ ಸಾಗರದ ನೀರು ಎಂದಿಗಿಂತ ಬಿಸಿಯಾಗುವ ಎಲ್ ನಿನ್ಯೊ ವರ್ಷಗಳಲ್ಲಿ ಆಗುವುದು ಇದೇ. ಅಲ್ಲಿ ಸೆಕೆ ಹೆಚ್ಚು, ಹಿಮಪಾತ ಕಡಿಮೆ. ಅದೇ ಎಲ್ ನಿನ್ಯೊ ನಮ್ಮ ಮುಂಗಾರನ್ನೂ ಆಗಾಗ ಸೊರಗಿಸುತ್ತದೆ. 2015ರಲ್ಲಿ ಕರ್ನಾಟಕ ಬರ ಕಂಡಿತು, 2016ರ ನವೆಂಬರಿನಲ್ಲಿ ಲಾ ಪಾಸ್‌ನ ಜಲಾಶಯಗಳು ಬರಿದಾಗಿ, ಬಡಾವಣೆಗಳಿಗೆ ಟ್ಯಾಂಕರಿನಲ್ಲಿ ನೀರು ಹೋಯಿತು, ಸರ್ಕಾರ ತುರ್ತು ಪರಿಸ್ಥಿತಿ ಘೋಷಿಸಿತು. ಎರಡೂ ಕಡೆ ಆಡಳಿತದ ಲೋಪವೂ ಸೇರಿತ್ತು.

ಇದೆಲ್ಲದರ ಮೇಲೆ ಭೂಮಿಯ ಒಟ್ಟು ತಾಪ ಏರುತ್ತಿದೆ. 1963ರಿಂದ 2009ರವರೆಗೆ ಇಲ್ಯಿಮಾನಿ ತನ್ನ ಹಿಮದ ಹರಹಿನಲ್ಲಿ ಸುಮಾರು ಮೂರನೇ ಒಂದು ಭಾಗ ಕಳೆದುಕೊಂಡಿದೆ. ನಗರದ ಉತ್ತರಕ್ಕಿರುವ ಚಕಾಲ್ತಾಯಾದಲ್ಲಿ ಒಂದು ಕಾಲಕ್ಕೆ ಜಗತ್ತಿನ ಅತಿ ಎತ್ತರದ ಸ್ಕೀ ಇಳಿಜಾರು ಇತ್ತು. ಅದರ ಹಿಮನದಿ 2009ರ ಹೊತ್ತಿಗೆ ಇಲ್ಲವಾಯಿತು.

ಬೆಟ್ಟಕ್ಕೆ ವಿಮಾನ ಬಡಿದ ಕಥೆ ನಿಜವೇ?

ನಿಜ. 1985ರ ಜನವರಿ 1ರಂದು ಪರಾಗ್ವೆಯ ಅಸುನ್ಸಿಯೋನ್‌ನಿಂದ ಲಾ ಪಾಸ್‌ಗೆ ಇಳಿಯಲಿದ್ದ ಈಸ್ಟರ್ನ್ ಏರ್‌ಲೈನ್ಸ್‌ನ 980ನೇ ವಿಮಾನ ದಾರಿ ತಪ್ಪಿ ಸುಮಾರು 6,000 ಮೀಟರ್ ಎತ್ತರದಲ್ಲಿ ಇಲ್ಯಿಮಾನಿಗೆ ಬಡಿಯಿತು. 29 ಜನರಲ್ಲಿ ಯಾರೂ ಉಳಿಯಲಿಲ್ಲ. ಹಿಮದಡಿ ಹೂತ ಅವಶೇಷ ಹಿಮನದಿಯ ಜೊತೆ ಜಾರುತ್ತಾ, ಕರಗಿದಂತೆ ಹೊರಬರುತ್ತಿದೆ. 2016ರಲ್ಲಿ ಇಬ್ಬರು ಅಮೆರಿಕನ್ನರು ಅಲ್ಲಿ ವಿಮಾನದ ರೆಕಾರ್ಡರಿನ (ಬ್ಲ್ಯಾಕ್ ಬಾಕ್ಸ್) ಲೋಹದ ತುಂಡುಗಳನ್ನೂ ಒಂದು ಟೇಪನ್ನೂ ಹೆಕ್ಕಿ ತಂದರು. ಪರೀಕ್ಷಿಸಿದಾಗ ಅದು ವಿಮಾನದ ದಾಖಲೆಯಲ್ಲ, ಟಿವಿ ಕಾರ್ಯಕ್ರಮದ ವಿಡಿಯೊ ಟೇಪು ಎಂದು ತಿಳಿಯಿತು. ಅವಶೇಷ ಕಂಡರೆ ನೆನಪಿನ ಕಾಣಿಕೆ ಎಂದು ಎತ್ತಿಕೊಳ್ಳಬೇಡಿ, ಅದು 29 ಮನೆಗಳವರ ಸಮಾಧಿ.

ವಿಜ್ಞಾನಿಗಳು ಅಷ್ಟು ಎತ್ತರದಲ್ಲಿ ಹಿಮ ಕೊರೆದದ್ದು ಯಾಕೆ? ಏನು ಸಿಕ್ಕಿತು?

ವರ್ಷ ವರ್ಷ ಬಿದ್ದ ಹಿಮ ಪದರವಾಗಿ ಕೂರುತ್ತದೆ, ಆಯಾ ಕಾಲದ ಗಾಳಿಯ ದೂಳು ಅದರಲ್ಲಿ ಸಿಕ್ಕಿಕೊಳ್ಳುತ್ತದೆ. 1999ರಲ್ಲಿ ಫ್ರೆಂಚ್ ಮತ್ತು ಸ್ವಿಸ್ ವಿಜ್ಞಾನಿಗಳು ಸುಮಾರು 6,300 ಮೀಟರಿನಲ್ಲಿ ಬುಡದ ಬಂಡೆ ಮುಟ್ಟುವವರೆಗೆ ಕೊರೆದರು. ತಳದ ಹಿಮ ಹಿಮಯುಗದ ಕಾಲದ್ದು.

ಅದರಲ್ಲಿ ಓದಿದ್ದು ಇತಿಹಾಸದ ಪುಸ್ತಕಗಳಿಗೂ ಹೊಸದು. ಸುಮಾರು 2,700 ವರ್ಷಗಳ ಹಿಂದೆಯೇ ಆ ಸೀಮೆಯಲ್ಲಿ ತಾಮ್ರ ಕರಗಿಸುತ್ತಿದ್ದ ಗುರುತು ಸಿಕ್ಕಿತು. ಸೀಸದ ಗೆರೆ ಇನ್ನೂ ಸ್ಪಷ್ಟ: ಇಂಕಾಗಳಿಗೂ ಹಿಂದಿನ ತಿವಾನಾಕು ನಾಗರಿಕತೆಯ ಕಾಲದಲ್ಲಿ ಒಂದು ಏರಿಕೆ, ಇಂಕಾಗಳ ಕಾಲದಲ್ಲಿ ಮತ್ತೊಂದು, ಸ್ಪ್ಯಾನಿಷರು ಬೊಲಿವಿಯಾದ ದಕ್ಷಿಣದ ಗಣಿನಗರ ಪೊಟೊಸಿಯ ಬೆಳ್ಳಿ ಬಗೆದ ಶತಮಾನಗಳಲ್ಲಿ ಇನ್ನೊಂದು. ಲಕ್ಷಾಂತರ ಜನರನ್ನು ದುಡಿಸಿ ಕೊಂದ ಆ ಗಣಿಯ ಹೊಗೆ ಇಲ್ಲಿಗೂ ಬಂದು ಕೂತಿದೆ. ಆದರೆ 2,000 ವರ್ಷಗಳಲ್ಲೇ ಅತಿ ಹೆಚ್ಚು ಸೀಸ ಇರುವುದು 1960ರ ದಶಕದ ಈಚಿನ ಪದರಗಳಲ್ಲಿ. ಕಾರಣ ಸೀಸ ಬೆರೆತ ಪೆಟ್ರೋಲ್. ಅಷ್ಟು ದೊಡ್ಡ ಬೆಳ್ಳಿಯ ಕುಲುಮೆಗಳನ್ನೂ ನಮ್ಮ ಕಾಲದ ವಾಹನಗಳು ಮೀರಿಸಿವೆ.

ಆ ಹಿಮವನ್ನು ಅಂಟಾರ್ಕ್ಟಿಕಾಕ್ಕೆ ಸಾಗಿಸುವುದೇಕೆ?

ಮೇಲಿನಿಂದ ಕರಗಿದ ನೀರು ಒಳಗಿಳಿದರೆ ಪದರಗಳು ಕಲಸಿಹೋಗುತ್ತವೆ, ಓದಲು ಏನೂ ಉಳಿಯುವುದಿಲ್ಲ. ಅದಕ್ಕೇ 'ಐಸ್ ಮೆಮೊರಿ' ಯೋಜನೆಯವರು 2017ರಲ್ಲಿ ಇಲ್ಯಿಮಾನಿಯಿಂದ ಮತ್ತೆ ಎರಡು ಹಿಮಕಂಬಗಳನ್ನು ತೆಗೆದರು. ಸ್ಥಳೀಯ ಮಾರ್ಗದರ್ಶಿಗಳು, ಹೊರೆಯಾಳುಗಳು ಅವನ್ನು ಬೆನ್ನ ಮೇಲೆ ಹೊತ್ತು ರಾತ್ರಿಯ ಚಳಿಯಲ್ಲೇ ಕೆಳಗಿಳಿಸಿದರು. ಅಂಟಾರ್ಕ್ಟಿಕಾದ ಕಾಂಕಾರ್ಡಿಯಾ ನೆಲೆಯ ಹಿಮದಡಿ ವಿದ್ಯುತ್ತಿನ ಹಂಗಿಲ್ಲದೆ ಇಂಥ ಮಾದರಿಗಳನ್ನು ಇಡಬಹುದು. ಮುಂದೆ ಬರುವ ವಿಜ್ಞಾನಿಗಳಿಗೆ ಇಂದಿಲ್ಲದ ಉಪಕರಣಗಳಿರುತ್ತವೆ ಎಂಬುದು ಆಲೋಚನೆ.

ಹಳ್ಳಿಯವರು ಈಗ ಏನು ಮಾಡುತ್ತಿದ್ದಾರೆ?

ಕರಗುವ ಹಿಮ ಮೊದಲು ನೀರು ಹೆಚ್ಚಿಸಿದಂತೆ ತೋರಿ, ಆಮೇಲೆ ಒಣ ತಿಂಗಳುಗಳಲ್ಲಿ ಕೈಕೊಡುತ್ತದೆ. ಹಿಂದಿನ ಸರದಿಯಲ್ಲೇ ಕಾಲುವೆ ನೀರು ಹಂಚಿಕೊಂಡರೂ ಕೊನೆಯ ಹೊಲಕ್ಕೆ ಮುಟ್ಟುವುದು ಕಷ್ಟ. ಬೆಚ್ಚಗಾದ್ದರಿಂದ ಹಿಂದೆ ಬಾರದ ಎತ್ತರದಲ್ಲೂ ಕೆಲವು ಬೆಳೆ ಬರುತ್ತಿವೆ, ಜೊತೆಗೆ ಹಿಂದಿಲ್ಲದ ಕೀಟಗಳೂ ಏರಿ ಬರುತ್ತವೆ. ಮಕ್ಕಳು ಎಲ್ ಆಲ್ಟೊಗೆ ಕೆಲಸ ಹುಡುಕಿ ಹೋಗುತ್ತಾರೆ. ಖಾಪಿಯವರು ತಮ್ಮ ನೀರಿನ ಸಂಕಟವನ್ನು ಹವಾಮಾನ ನ್ಯಾಯದ ಪ್ರಶ್ನೆಯಾಗಿ ಹೊರಜಗತ್ತಿನ ಮುಂದಿಟ್ಟಿದ್ದಾರೆ: ಕಾರಿಲ್ಲದ, ಕಾರ್ಖಾನೆಯಿಲ್ಲದ ನಮ್ಮ ಹಿಮ ಕರಗಿದ್ದಕ್ಕೆ ಹೊಣೆ ಯಾರದು? ಕಾಲುವೆ ದುರಸ್ತಿ, ಸಣ್ಣ ಕೆರೆ, ಹನಿ ನೀರಾವರಿಗೆ ದುಡ್ಡು ಕೊಡಬೇಕಾದವರು ಹೊಗೆ ಉಗುಳಿದ ದೇಶಗಳೇ ಎನ್ನುವ ಅವರ ವಾದ ನನಗೆ ಪೂರ್ತಿ ಒಪ್ಪಿಗೆ. ಅಲ್ಲಿಗೆ ಹೋಗುವವರು ಒಂದು ಕೆಲಸವನ್ನಾದರೂ ಮಾಡಬಹುದು: ನಗರದ ಏಜೆನ್ಸಿಯ ಜೊತೆ ಮಾತಾಡುವಾಗಲೇ, ಹೊರೆಯಾಳು, ಅಡುಗೆಯವರು, ಹೇಸರಗತ್ತೆ ಎಲ್ಲವೂ ಪಿನಾಯಾದವರದ್ದೇ ಇರಲಿ, ಕೂಲಿ ನೇರ ಅವರ ಕೈ ಸೇರಲಿ ಎಂದು ಕೇಳಿ ಗೊತ್ತುಮಾಡಿಕೊಳ್ಳಿ.